ಕಾವಿನ ಹದ ಹುಡುಕಿದವರು

ಮುಂಬಯಿಯಲ್ಲಿ ನೆಲೆಸಿರುವ ನಮಗೆ ಪರೇಲಿನ ಟಾಟಾ ಆಸ್ಪತ್ರೆಯ ದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನಿಂದ ಬರುವ ನೆಂಟರಿಷ್ಟರಲ್ಲಿ ಕೆಲವರು ಸಮುದ್ರ ನೋಡಲು ಬಂದರೆ, ಇನ್ನು ಕೆಲವರು ಕಂಕುಳಲ್ಲಿ ಕ್ಷಕಿರಣ ಚಿತ್ರಗಳ ದೊಡ್ಡ ಲಕೋಟೆಯನ್ನು ಅವುಚಿಕೊಂಡು ಬರುತ್ತಾರೆ. 1941ರಲ್ಲಿ ಆ ಆಸ್ಪತ್ರೆ ಬಾಗಿಲು ತೆರೆದಂದಿನಿಂದ ನಮ್ಮ ಮನೆಗಳ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿ ಚಿಕಿತ್ಸೆಯ ದಿನಗಳನ್ನು ಎಣಿಸಿದವರು ಎಷ್ಟು ಮಂದಿಯೋ! ಅಂಥ ದಿನಗಳಲ್ಲಿ ಊಟದ ಎಲೆಯ ಮುಂದೆ ಕೇಳಿಬರುವ ಮಾತು ಮೂರೇ ಬಗೆಯದು: ಕೊಯ್ದು ತೆಗೆಯುತ್ತಾರೆಯೇ, ಕರೆಂಟು ಕೊಡುತ್ತಾರೆಯೇ, ಇಲ್ಲ ಬಾಟಲಿಯ ಔಷಧ ಏರಿಸುತ್ತಾರೆಯೇ? ಶಸ್ತ್ರ, ವಿಕಿರಣ, ಔಷಧ. ಇವು ಮೂರರ ಜೊತೆಗೆ ನಾಲ್ಕನೆಯದೊಂದು ಉಂಟು. ವಯಸ್ಸಿನಲ್ಲಿ ಅದು ವಿಕಿರಣಕ್ಕಿಂತಲೂ ಔಷಧಕ್ಕಿಂತಲೂ ಹಿರಿದು. ಆದರೂ ಮನೆಯ ಹಿರಿಯಣ್ಣ ಕೆಲಸವಿಲ್ಲದೆ ಜಗುಲಿಯ ಮೇಲೆ ಕುಳಿತಿದ್ದಂತೆ ಅದು ಬಹುಕಾಲ ಕುಳಿತೇ ಇತ್ತು. ಅದೇ ಕಾವು. ರೋಗದ ಗಡ್ಡೆಗೆ ಕಾವು ಕೊಟ್ಟು ಅದನ್ನು ಕೊಲ್ಲುವ ವಿದ್ಯೆಯ ಚರಿತ್ರೆಯನ್ನು ಈ ತಿಂಗಳ ಸಂಚಿಕೆಯಲ್ಲಿ ನಾವು ಓದುಗರ ಮುಂದಿಡುತ್ತಿದ್ದೇವೆ.

ಬೆಂಕಿಗೂ ಗಡ್ಡೆಗೂ ಇರುವ ನಂಟು ಬಹಳ ಹಳೆಯದು. ಎಡ್ವಿನ್ ಸ್ಮಿತ್ ಎಂಬಾತ 1862ರಲ್ಲಿ ಈಜಿಪ್ಟಿನ ಲಕ್ಸರಿನಲ್ಲಿ ಕೊಂಡ ಪಪೈರಸ್ ಸುರುಳಿ ಕ್ರಿಸ್ತಪೂರ್ವ 1600ರ ಸುಮಾರಿನದು. ಎದೆಯ ಬಾವನ್ನು ಸುಡುವ ಕ್ರಮ ಅದರಲ್ಲಿದೆ. ಆದರೆ ತಣ್ಣಗೆ, ಗಟ್ಟಿಯಾಗಿ ಉಬ್ಬಿರುವ ಗಂಟಿಗೆ ಮಾತ್ರ ಚಿಕಿತ್ಸೆಯಿಲ್ಲವೆಂದು ಆ ಪುರಾತನ ವೈದ್ಯ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ನಮ್ಮ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹನ್ನೆರಡನೆಯ ಅಧ್ಯಾಯ ಪೂರ್ತಿ ಅಗ್ನಿಕರ್ಮಕ್ಕೇ ಮೀಸಲು. ಸುಡಿಸಬಹುದಾದ ರೋಗಗಳ ಪಟ್ಟಿಯಲ್ಲಿ ಗ್ರಂಥಿಯೂ ಇದೆ, ಅರ್ಬುದವೂ ಇದೆ. ಕ್ಯಾನ್ಸರಿಗೆ ಕನ್ನಡದಲ್ಲಿ ಅರ್ಬುದ ರೋಗವೆಂಬ ಹೆಸರು ಬಂದದ್ದು ಆ ಮೂಲದಿಂದಲೇ. ಆದರೆ ಆ ಅಧ್ಯಾಯದಲ್ಲಿ ನಮ್ಮ ಗಮನ ಸೆಳೆಯುವುದು ರೋಗದ ಹೆಸರಲ್ಲ, ಸುಟ್ಟದ್ದಕ್ಕೆ ಆತ ಮಾಡಿದ ನಾಲ್ಕು ವಿಂಗಡಣೆ. ಬರಿದೆ ಬಣ್ಣಗೆಟ್ಟದ್ದು ಪ್ಲುಷ್ಟ, ಬೊಬ್ಬೆಯೆದ್ದು ಉರಿಯುವುದು ದುರ್ದಗ್ಧ, ಸರಿಯಾಗಿ ಸುಟ್ಟದ್ದು ಸಮ್ಯಗ್ದಗ್ಧ, ಮಿತಿಮೀರಿದ್ದು ಅತಿದಗ್ಧ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಕಣ್ಣಿನಿಂದಲೇ ಕಾವನ್ನು ಅಳೆಯುವ ಪ್ರಯತ್ನವಿದು. ಚಿಕಿತ್ಸೆಯ ಯಶಸ್ಸು ಬೆಂಕಿಯಲ್ಲಿಲ್ಲ, ಹದದಲ್ಲಿದೆ ಎಂಬ ಅರಿವು ಆತನಿಗಿತ್ತು. ನಮ್ಮ ಹಳ್ಳಿಗಳಲ್ಲಿ ಕೂಸುಗಳ ಹೊಟ್ಟೆಗೆ ಬರೆ ಹಾಕುವವರಿಗೆ ಬೆಂಕಿ ಮಾತ್ರ ಉಳಿದು ಹದ ಮರೆತುಹೋದದ್ದು ದುರ್ದೈವ.

ಸುಡುವುದು ಬೇರೆ, ಕಾಯಿಸುವುದು ಬೇರೆ. ಮೈಯನ್ನು ಸುಡದೆ, ಜ್ವರ ಬಂದಾಗ ಏರುವಷ್ಟೇ ಕಾವಿನಿಂದ ಗಡ್ಡೆ ಕರಗೀತೆಂಬ ಆಸೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1860ರ ದಶಕದಲ್ಲಿ ಜರ್ಮನಿಯ ಬಾನ್ ನಗರದ ಶಸ್ತ್ರವೈದ್ಯ ಬುಷ್, ಮುಖದ ಮೇಲೆ ಸಾರ್ಕೋಮಾ ಗಡ್ಡೆಯಿದ್ದ ಹೆಂಗಸೊಬ್ಬಳಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ, ಜ್ವರ ಕಾದು, ಗಡ್ಡೆ ಇಳಿದುದನ್ನು ವರದಿ ಮಾಡಿದ. 1891ರ ಜನವರಿಯಲ್ಲಿ ನ್ಯೂಯಾರ್ಕಿನ ತರುಣ ಶಸ್ತ್ರವೈದ್ಯ ವಿಲಿಯಂ ಕೋಲಿಯ ಕಣ್ಣೆದುರಿನಲ್ಲೇ ಹದಿನೇಳು ವರ್ಷದ ಬೆಸ್ಸಿ ಡ್ಯಾಶಿಯಲ್ ಎಂಬ ಹುಡುಗಿ ಸಾರ್ಕೋಮಾದಿಂದ ತೀರಿಕೊಂಡಳು. ಕೋಲಿ ಮನನೊಂದು ಆಸ್ಪತ್ರೆಯ ಹಳೆಯ ಕಡತಗಳನ್ನು ಕೆದಕಿದ. ಕುತ್ತಿಗೆಯ ಗಡ್ಡೆಗೆ ಹಲವು ಸಲ ಕೊಯ್ಸಿಕೊಂಡು, ಆಮೇಲೆ ಅದೇ ಎರಿಸಿಪೆಲಸ್ ಬಂದು ಬದುಕಿ ಹೋದ ಒಬ್ಬ ಜರ್ಮನ್ ವಲಸಿಗನ ದಾಖಲೆ ಸಿಕ್ಕಿತು. ಕೋಲಿ ಮ್ಯಾನ್‌ಹಾಟನ್ನಿನ ಬಡವರ ವಠಾರಗಳಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆದು ಆ ಮನುಷ್ಯನನ್ನು ಹುಡುಕಿಯೇ ಹುಡುಕಿದ. ಆತ ಗಟ್ಟಿಮುಟ್ಟಾಗಿದ್ದ! ಅದೇ ವರ್ಷ ಕೋಲಿ ರೋಗಿಗಳಿಗೆ ಬೇಕೆಂದೇ ಆ ಸೋಂಕನ್ನು ಚುಚ್ಚತೊಡಗಿದ. ಅಪಾಯ ಕಂಡು, 1893ರಿಂದ ಸತ್ತ ರೋಗಾಣುಗಳ ರಸಕ್ಕೆ ಬದಲಾಯಿಸಿದ. ಕೆಲವರು ಗುಣವಾದರು, ಹಲವರು ಆಗಲಿಲ್ಲ, ಮತ್ತೆ ಕೆಲವರು ಸೋಂಕಿಗೇ ಬಲಿಯಾದರು. ಗುಣವಾದವರಲ್ಲಿ ಕೆಲಸ ಮಾಡಿದ್ದು ಜ್ವರದ ಕಾವೋ, ಜ್ವರದಿಂದ ಎಚ್ಚರಗೊಂಡ ಮೈಯ ರಕ್ಷಣಾ ಪಡೆಯೋ ಎಂದರೆ, ಇಂದಿನ ವಿಜ್ಞಾನಿಗಳು ಬೆರಳು ತೋರಿಸುವುದು ಎರಡನೆಯದರ ಕಡೆಗೇ. ಹೀಗಾಗಿ ಕೋಲಿಯ ಹೆಸರು ಬೇರೊಂದು ಶಾಖೆಯ ಪಿತಾಮಹನ ಪಟ್ಟಕ್ಕೆ ಹೋಯಿತು.

ಕಾವನ್ನೇ ನೇರವಾಗಿ ಕೊಟ್ಟವನು ಸ್ವೀಡನ್ನಿನ ಸ್ತ್ರೀರೋಗವೈದ್ಯ ವೆಸ್ಟರ್‌ಮಾರ್ಕ್. ಗರ್ಭಕೋಶದ ಕೊರಳಿನ ಕ್ಯಾನ್ಸರಿನಿಂದ ನರಳುತ್ತಿದ್ದ, ಕೊಯ್ಯಲಾಗದ ಹಂತ ಮುಟ್ಟಿದ ಹೆಂಗಸರಿಗೆ, ಲೋಹದ ಸುರುಳಿ ಕೊಳವೆಯೊಳಗೆ 42ರಿಂದ 44 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರು ಹರಿಸಿ ಕಾವು ಕೊಟ್ಟ. 1898ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿ ಗಡ್ಡೆ ಕುಗ್ಗಿದ ಸಂಗತಿಯಿದೆ. ಆದರೆ ಅವನ ಹಣೆಬರಹ ನೋಡಿ. 1895ರಲ್ಲಿ ರಾಂಟ್‌ಜನ್ ಕ್ಷಕಿರಣವನ್ನು ಕಂಡುಹಿಡಿದಿದ್ದ. ವೆಸ್ಟರ್‌ಮಾರ್ಕನ ವರದಿ ಬಂದ ವರ್ಷವೇ ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದರು. ಕಣ್ಣಿಗೆ ಕಾಣದೆ, ಮೈಯನ್ನು ಹಾದುಹೋಗಿ, ಅಳತೆಗೆ ಸಿಕ್ಕುವ ಹೊಸ ಕಿರಣಗಳ ಮುಂದೆ ಬಿಸಿನೀರಿನ ಕೊಳವೆಯನ್ನು ಯಾರು ಕೇಳುತ್ತಾರೆ? ‘ಅಳತೆಗೆ ಸಿಕ್ಕುವ’ ಎಂಬ ಮಾತಿನ ಮೇಲೆ ಓದುಗರು ಒಂದು ಬೆರಳಿಟ್ಟುಕೊಂಡಿರಬೇಕು. ವಿಕಿರಣ ಗೆದ್ದದ್ದು ಹೆಚ್ಚು ಕೊಲ್ಲುತ್ತದೆಂಬ ಒಂದೇ ಕಾರಣಕ್ಕಲ್ಲ; ಇಂತಿಷ್ಟು ಕೊಟ್ಟೆವೆಂದು ಲೆಕ್ಕ ಬರೆದಿಡಲು ಬಂದುದರಿಂದಲೂ ಹೌದು. ಕಾವಿಗೆ ಆ ಲೆಕ್ಕಪುಸ್ತಕ ಇರಲಿಲ್ಲ.

ಆಮೇಲಿನ ಹಲವು ದಶಕ ಅಲ್ಲೊಂದು ಇಲ್ಲೊಂದು ಪ್ರಯತ್ನ. 1935ರಲ್ಲಿ ಅಮೆರಿಕದ ರಾಚೆಸ್ಟರಿನ ಸ್ಟ್ಯಾಫರ್ಡ್ ವಾರೆನ್ ರೋಗಿಗಳನ್ನು ಕಾವಿನ ಪೆಟ್ಟಿಗೆಯಲ್ಲಿ ಮಲಗಿಸಿ, ಗಂಟೆಗಟ್ಟಲೆ ಕೃತಕ ಜ್ವರ ಬರಿಸಿ, ಜೊತೆಗೆ ಕ್ಷಕಿರಣವನ್ನೂ ಕೊಟ್ಟು ನೋಡಿದ. (ಇದೇ ವಾರೆನ್ ಮುಂದೆ ಅಣುಬಾಂಬು ತಯಾರಿಸಿದ ಮ್ಯಾನ್‌ಹಾಟನ್ ಯೋಜನೆಯ ವೈದ್ಯಾಧಿಕಾರಿಯಾದ.) 1967ರಲ್ಲಿ ರೋಮಿನ ಕವಾಲಿಯೆರಿ ಮತ್ತು ಸಂಗಡಿಗರು ಕೈಕಾಲಿನ ಗಡ್ಡೆಗಳಿಗೆ ರಕ್ತವನ್ನೇ ಹೊರಗೆ ಬಿಸಿ ಮಾಡಿ ಹರಿಸಿದರು. 1974ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪೆಟಿಗ್ರೂ ಎಂಬ ವೈದ್ಯ ಅರಿವಳಿಕೆ ಕೊಟ್ಟ ರೋಗಿಯನ್ನು ಕರಗಿದ ಮೇಣದಲ್ಲಿ ಅದ್ದಿಟ್ಟು ಇಡೀ ಮೈಯನ್ನು 41.8 ಡಿಗ್ರಿಗೆ ಏರಿಸಿದ! ಓದಿದರೆ ಮೈ ಜುಮ್ಮೆನ್ನುತ್ತದೆ. ಅದಕ್ಕಿಂತ ಮೇಲೆ ಹೋಗುವಂತಿರಲಿಲ್ಲ. ಹೋದರೆ ಮಿದುಳು, ಯಕೃತ್ತುಗಳು ತಡೆಯವು. ಗಡ್ಡೆ ಸಾಯಲು ಬೇಕಾದ ಕಾವು ಅದಕ್ಕೆ ಸ್ವಲ್ಪವೇ ಮೇಲಿತ್ತು.

ಆ ‘ಸ್ವಲ್ಪ’ ಎಷ್ಟೆಂಬುದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಸಪರೆಟೊ ಮತ್ತು ಡ್ಯೂಯಿ, 1984ರಲ್ಲಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು ಬೇರೆ ಬೇರೆ ಕಾವಿನಲ್ಲಿಟ್ಟು ಬಂದ ಅನುಭವದಿಂದ ಅವರು ಒಂದು ಸೂತ್ರ ಕಟ್ಟಿದರು. 43 ಡಿಗ್ರಿಯಲ್ಲಿ 60 ನಿಮಿಷದ ಕೆಲಸ 44ರಲ್ಲಿ 30 ನಿಮಿಷಕ್ಕೆ ಮುಗಿಯುತ್ತದೆ, 45ರಲ್ಲಿ 15ಕ್ಕೆ. ಆದರೆ ಕೆಳಗಿಳಿದರೆ ಲೆಕ್ಕವೇ ಬೇರೆ: 42ರಲ್ಲಿ ಅದೇ ಕೆಲಸಕ್ಕೆ 240 ನಿಮಿಷ, ಅಂದರೆ ನಾಲ್ಕು ಗಂಟೆ ಬೇಕು. ಒಂದು ಡಿಗ್ರಿ ಕಡಮೆಯಾದರೆ ನಾಲ್ಕು ಪಟ್ಟು ಹೊತ್ತು! ಮೈಸೂರುಪಾಕು ಮಾಡಿ ಗೊತ್ತಿರುವ ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದಕ್ಕೆ ಮುನ್ನ ಇಳಿಸಿದರೆ ಹಲ್ವದಂತೆ ಜಾರುತ್ತದೆ, ಒಂದು ನಿಮಿಷ ತಡೆದರೆ ಕಲ್ಲಾಗುತ್ತದೆ. ಪಾಕವನ್ನಾದರೂ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಿಂದ ಹಿಸುಕಿ ನೋಡಬಹುದು. ಹೊಟ್ಟೆಯೊಳಗಿನ ಗಡ್ಡೆಯನ್ನು ಹಿಸುಕಿ ನೋಡುವುದು ಹೇಗೆ?

ಕಾವಿಗೆ ಗಡ್ಡೆಯೇ ಏಕೆ ಮೊದಲು ಸೋಲುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬಿಸಿ ತಾಕಿದರೆ ನಮ್ಮ ಆರೋಗ್ಯವಂತ ಮಾಂಸದ ರಕ್ತನಾಳಗಳು ಹಿಗ್ಗಿ, ಹೆಚ್ಚು ರಕ್ತ ಹರಿದು, ಬಿಸಿಯನ್ನು ಒಯ್ದುಬಿಡುತ್ತವೆ. ಗಡ್ಡೆಯ ರಕ್ತನಾಳಗಳು ಅನುಮತಿಯಿಲ್ಲದೆ ಕಟ್ಟಿದ ಬಡಾವಣೆಯ ಓಣಿಗಳಂತೆ ಅಡ್ಡಾದಿಡ್ಡಿ. ಬಿಸಿ ಅಲ್ಲೇ ಉಳಿಯುತ್ತದೆ. ಅಲ್ಲದೆ, ಆಮ್ಲಜನಕ ಸಾಲದ ಗಡ್ಡೆಯ ನಡುಭಾಗ ವಿಕಿರಣಕ್ಕೆ ಜಗ್ಗದಿದ್ದರೂ ಕಾವಿಗೆ ಜಗ್ಗುತ್ತದೆ. ವಿಕಿರಣದಿಂದ ಪೆಟ್ಟು ತಿಂದ ಜೀವಕೋಶ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದನ್ನೂ ಕಾವು ತಡೆಯುತ್ತದೆ. ಎಂದರೆ ವಿಕಿರಣಕ್ಕೆ ಕಾವು ಸವತಿಯಲ್ಲ, ಓರಗಿತ್ತಿ.

ಇಷ್ಟೆಲ್ಲ ತಿಳಿದ ಮೇಲೂ 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದು ಸೋತಿತು. ಮೈಯ ಮೇಲ್ಭಾಗದ ಗಡ್ಡೆಗಳಿಗೆ ಕೆಲವರಿಗೆ ಬರೀ ವಿಕಿರಣ, ಕೆಲವರಿಗೆ ವಿಕಿರಣದ ಜೊತೆ ಕಾವು ಕೊಟ್ಟು ಹೋಲಿಸಿದರು; ಒಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾವಿನ ಚಿಕಿತ್ಸೆಗೆ ಆ ದೇಶದಲ್ಲಿ ಬಹುಕಾಲ ಗ್ರಹಣ ಹಿಡಿಯಿತು. ಆಮೇಲೆ ದಾಖಲೆಗಳನ್ನು ತಿರುವಿ ನೋಡಿದವರಿಗೆ ಕಂಡದ್ದೇನೆಂದರೆ, ಹಲವು ಗಡ್ಡೆಗಳು ಬೇಕಾದಷ್ಟು ಕಾದೇ ಇರಲಿಲ್ಲ, ಕಾದಿವೆಯೋ ಇಲ್ಲವೋ ಎಂದು ನೋಡುವ ಏರ್ಪಾಡೂ ಸಾಲದಾಗಿತ್ತು. ಒಲೆ ಹೊತ್ತಿತೇ ಎಂದು ನೋಡದೆ ಅಕ್ಕಿಯನ್ನು ಬೈದಂತಾಯಿತು. 2005ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದವರು ಮೊದಲು ಒಮ್ಮೆ ಕಾಯಿಸಿ ನೋಡಿ, ಕಾವು ಹಿಡಿಯುವ ಗಡ್ಡೆಗಳನ್ನೇ ಆರಿಸಿ, ಅಳೆದು ಕಾವು ಕೊಟ್ಟಾಗ ಗಡ್ಡೆ ಪೂರ್ತಿ ಮಾಯವಾದವರ ಪ್ರಮಾಣ ನೂರಕ್ಕೆ 42ರಿಂದ 66ಕ್ಕೆ ಏರಿತು.

ಇದಕ್ಕೆ ಮೊದಲೇ, 2000ದಲ್ಲಿ, ಹಾಲೆಂಡಿನವರ ಫಲಿತಾಂಶ ಪ್ರಕಟವಾಗಿತ್ತು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಬರೀ ವಿಕಿರಣ ಪಡೆದವರಲ್ಲಿ ಮೂರು ವರ್ಷ ಬದುಕಿದ್ದವರು ನೂರಕ್ಕೆ 27. ಕಾವನ್ನೂ ಪಡೆದವರಲ್ಲಿ 51. ವೆಸ್ಟರ್‌ಮಾರ್ಕನ ಬಿಸಿನೀರಿನ ಕೊಳವೆಗೆ ನೂರೆರಡು ವರ್ಷಗಳ ಬಳಿಕ ಸಿಕ್ಕ ಮನ್ನಣೆಯಿದು. ನಮ್ಮೂರ ಮಟ್ಟಿಗೆ ಹೇಳಬೇಕಾದ ಹೆಸರು ಮುಂಬಯಿಯ ನಾನಾವತಿ ಆಸ್ಪತ್ರೆಯ ವಿಕಿರಣ ವೈದ್ಯರಾಗಿದ್ದ ಡಾ. ನಾಗರಾಜ ಹುಯಿಲಗೋಳ ಅವರದು. ಬಾಯಿ ಗಂಟಲುಗಳ ಬಲಿತ ಕ್ಯಾನ್ಸರಿನ ಐವತ್ತಕ್ಕೂ ಹೆಚ್ಚು ರೋಗಿಗಳನ್ನು ಎರಡು ಪಂಗಡ ಮಾಡಿ ಅವರು ಮತ್ತು ಸಹೋದ್ಯೋಗಿಗಳು ನಡೆಸಿದ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಬರೀ ವಿಕಿರಣದಿಂದ ಗಡ್ಡೆ ಪೂರ್ತಿ ಕರಗಿದವರು ನೂರಕ್ಕೆ 42ರಷ್ಟು. ಕಾವು ಕೂಡಿದಾಗ 78ಕ್ಕೂ ಮೇಲೆ. ಹೊಗೆಸೊಪ್ಪು ಅಡಿಕೆಗಳ ನಮ್ಮ ನಾಡಿನಲ್ಲಿ ಈ ಕ್ಯಾನ್ಸರು ಎಷ್ಟು ಮನೆಗಳನ್ನು ಹೊಕ್ಕಿದೆಯೆಂದು ಬಲ್ಲವರಿಗೆ ಆ ಅಂಕಿಯ ತೂಕ ಗೊತ್ತಾಗುತ್ತದೆ. ಹುಯಿಲಗೋಳ ಎಂದೊಡನೆ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಏಕೀಕರಣದ ಗೀತೆಯನ್ನು ಬರೆದ ನಾರಾಯಣರಾಯರ ನೆನಪು ನಮಗೆ ಬಂದರೆ ಆಶ್ಚರ್ಯವಿಲ್ಲ. ಹೊರನಾಡಿನಲ್ಲಿದ್ದರೆ ಊರ ಹೆಸರೊಂದು ಕಿವಿಗೆ ಬಿದ್ದರೂ ಸಾಕು, ಮನಸ್ಸು ರೈಲು ಹತ್ತುತ್ತದೆ. ಇರಲಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹೊರಗಿನಿಂದ ಒಳಕ್ಕೆ ಕಾವು ಕಳಿಸುವ ಕಥೆ. ಅದರ ಕಷ್ಟ ಸ್ಪಷ್ಟ: ದಾರಿಯಲ್ಲಿರುವ ಚರ್ಮ, ಕೊಬ್ಬು, ಎಲ್ಲವೂ ಬೇಯಬೇಕು, ಆಮೇಲೆ ಗಡ್ಡೆಗೆ ತಲುಪಬೇಕು. ಒಲೆಯನ್ನೇ ಗಡ್ಡೆಯೊಳಗೆ ಇಟ್ಟುಬಿಟ್ಟರೆ? ಈ ಯೋಚನೆ ಬಂದದ್ದು ಷಿಕಾಗೋದ ಶಸ್ತ್ರವೈದ್ಯ ಗಿಲ್‌ಕ್ರಿಸ್ಟ್‌ಗೆ. ದೊಡ್ಡ ಕರುಳಿನ ಕ್ಯಾನ್ಸರನ್ನು ಎಷ್ಟೇ ಎಚ್ಚರದಿಂದ ಕೊಯ್ದರೂ ಸುತ್ತಲಿನ ದುಗ್ಧಗ್ರಂಥಿಗಳಲ್ಲಿ (ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಊದಿಕೊಳ್ಳುತ್ತವಲ್ಲ, ಅಂಥವು) ಕಣ್ಣಿಗೆ ಬೀಳದ ರೋಗದ ಚೂರು ಉಳಿದುಹೋಗುತ್ತಿತ್ತು. ಆ ಗ್ರಂಥಿಗಳಿಗೆ ಒಂದು ಗುಣವುಂಟು. ಮೈಯೊಳಗೆ ಬಂದ ಸಣ್ಣ ಕಸವನ್ನೆಲ್ಲ ಸೋಸಿ ಇಟ್ಟುಕೊಳ್ಳುವ ಜಾಲರಿಗಳವು. ಹಾಗಾದರೆ ಕಬ್ಬಿಣದ ಆಕ್ಸೈಡಿನ ಹುಡಿಯನ್ನು ಚುಚ್ಚಿದರೆ ಅದು ತಾನಾಗಿ ಅಲ್ಲಿಗೇ ಹೋಗಿ ಕೂರುತ್ತದೆ. ಹೊರಗಿನಿಂದ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಹಾಯಿಸಿದರೆ ಹುಡಿ ಮಾತ್ರ ಕಾಯುತ್ತದೆ, ಮಾಂಸ ಕಾಯದು. ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು 20ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ಬಳಸಿದರು. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್ ಎಂದರೆ ಅವುಗಳ ಸಣ್ಣತನ ಊಹಿಸಬಹುದು. ಸೆಕೆಂಡಿಗೆ ಹನ್ನೆರಡು ಲಕ್ಷ ಸಲ ದಿಕ್ಕು ಬದಲಿಸುವ ಕ್ಷೇತ್ರದಲ್ಲಿ, ಒಂದು ಗ್ರಾಂ ಗ್ರಂಥಿಯಲ್ಲಿ 5 ಮಿಲಿಗ್ರಾಂ ಹುಡಿ ಇದ್ದರೆ 14 ಡಿಗ್ರಿ ಕಾವೇರಿತು. ಇದು ಪ್ರಕಟವಾದದ್ದು 1957ರಲ್ಲಿ. ನ್ಯಾನೋಟೆಕ್ನಾಲಜಿ ಎಂಬ ಪದವನ್ನು ಜಪಾನಿನ ತಾನಿಗುಚಿ ಬಳಕೆಗೆ ತಂದದ್ದು 1974ರಲ್ಲಿ! ಹೆಸರಿಡುವುದಕ್ಕೆ ಮುಂಚೆಯೇ ಕೂಸು ಅಂಬೆಗಾಲಿಕ್ಕಿತ್ತು.

ಕಬ್ಬಿಣದ ಹುಡಿ ಕಾಯುವ ಬಗೆಯನ್ನು ತಿಳಿಯಲು ದೂರ ಹೋಗಬೇಕಿಲ್ಲ, ನಮ್ಮ ಫ್ಲ್ಯಾಟುಗಳ ಅಡಿಗೆಮನೆಯಲ್ಲಿರುವ ಇಂಡಕ್ಷನ್ ಒಲೆಯನ್ನು ನೋಡಿದರೆ ಸಾಕು. ಒಲೆಯ ಗಾಜಿನ ಮೇಲೆ ಕೈಯಿಟ್ಟರೆ ಸುಡದು, ಕಬ್ಬಿಣದ ಕಾವಲಿಯಿಟ್ಟರೆ ಕಾಯುತ್ತದೆ. ನ್ಯಾನೋಕಣ ಕಾಯುವ ರೀತಿ ಇದಕ್ಕೆ ಅಣ್ಣತಮ್ಮನಂತಿದ್ದರೂ ಪೂರ್ತಿ ಅದೇ ಅಲ್ಲ. ಅಷ್ಟು ಸಣ್ಣ ಕಣ ಇಡಿಯಾಗಿ ಒಂದೇ ಅಯಸ್ಕಾಂತ. ಹೊರಗಿನ ಕ್ಷೇತ್ರ ತಿರುಗಿದಂತೆಲ್ಲ ಅದರ ಉತ್ತರ ದಕ್ಷಿಣಗಳೂ ತಿರುಗಬೇಕು. ಕ್ಷೇತ್ರದ ವೇಗಕ್ಕೆ ಹೆಜ್ಜೆ ಹಾಕಲಾರದೆ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗೆ ಹಿಂದೆ ಬಿದ್ದುದರ ದಂಡವೇ ಕಾವಾಗಿ ಹೊರಬರುತ್ತದೆ. ಇಂಥ ಕಣಗಳ ಈ ತಿರುಗಾಟದ ಲೆಕ್ಕವನ್ನು 1949ರಲ್ಲಿ ಹಾಕಿಕೊಟ್ಟ ಫ್ರಾನ್ಸಿನ ಲೂಯಿ ನೀಲ್‌ಗೆ 1970ರಲ್ಲಿ ನೊಬೆಲ್ ಬಂತು. ಕಣಗಳನ್ನು ದ್ರವದಲ್ಲಿ ಗಡ್ಡೆಕಟ್ಟದಂತೆ ತೇಲಿಸಿಡುವ ವಿದ್ಯೆ ಬಂದದ್ದಂತೂ ವೈದ್ಯಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. ಭಾರವಿಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ಟಿನ ಇಂಧನವನ್ನು ಅಯಸ್ಕಾಂತದಿಂದ ಎಳೆಯಬಹುದೇ ಎಂದು ನಾಸಾದ ಪೆಪೆಲ್ 1963ರಲ್ಲಿ ಮ್ಯಾಗ್ನಟೈಟನ್ನು ಸಣ್ಣಗೆ ಅರೆದು ದ್ರವದಲ್ಲಿ ಕದಡಿದ. ಮ್ಯಾಗ್ನಟೈಟ್ ಎಂದರೆ ನಮಗೆ ಹೊಸದಲ್ಲ. 2005ರ ಕೊನೆಯವರೆಗೆ ಕುದುರೆಮುಖದ ಗುಡ್ಡಗಳಿಂದ ಅಗೆದು ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದುದು ಇದೇ ಅದಿರು.

ಹಾಗಾದರೆ 1957ರಿಂದ ಇಷ್ಟು ಕಾಲ ಏಕೆ ಹಿಡಿಯಿತು? ಮಾಂಸ ಕಾಯದು ಎಂದೆವಷ್ಟೆ. ಅದು ಪೂರ್ತಿ ನಿಜವಲ್ಲ. ನಮ್ಮ ಮೈಯಲ್ಲಿ ಉಪ್ಪುನೀರಿದೆ, ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಕ್ಷೇತ್ರ ಬಲವಾದಷ್ಟೂ, ಅದರ ವೇಗ ಹೆಚ್ಚಾದಷ್ಟೂ ಮೈಯೊಳಗೆ ಸುಳಿವಿದ್ಯುತ್ತು ಹುಟ್ಟಿ ಎಲ್ಲೆಂದರಲ್ಲಿ ಕಾಯುತ್ತದೆ. 1984ರಲ್ಲಿ ಆಟ್ಕಿನ್ಸನ್, ಬ್ರೆಜೊವಿಚ್, ಚಕ್ರವರ್ತಿ ಎಂಬ ಮೂವರು ಮನುಷ್ಯರನ್ನೇ ಸುರುಳಿಯೊಳಗೆ ಕೂರಿಸಿ, ಒಂದು ಗಂಟೆ ಕಾಲ ತ್ರಾಸವಿಲ್ಲದೆ ಎಷ್ಟು ತಡೆದಾರೆಂದು ನೋಡಿ ಒಂದು ಮಿತಿ ಹೇಳಿದರು. ಕ್ಷೇತ್ರದ ಬಲ ಮತ್ತು ವೇಗಗಳ ಗುಣಲಬ್ಧ ಆ ಮಿತಿಯನ್ನು ದಾಟಬಾರದು. ಆ ಕಟ್ಟಳೆಯೊಳಗೇ ಸಾಕಷ್ಟು ಕಾವು ಕೊಡಬಲ್ಲ ಕಣವನ್ನು ಹುಡುಕುವುದೇ ಮುಂದಿನ ಕೆಲಸವಾಯಿತು.

ಅದನ್ನು ಹಟ ಹಿಡಿದು ಮಾಡಿದವರು ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ಆಂಡ್ರಿಯಾಸ್ ಯೋರ್ಡಾನ್. ದಪ್ಪ ಕಣಗಳಿಗಿಂತ ಹತ್ತಾರು ನ್ಯಾನೋಮೀಟರಿನ ಸಣ್ಣ ಕಣಗಳು, ಮನುಷ್ಯ ತಡೆಯಬಲ್ಲ ಕ್ಷೇತ್ರದಲ್ಲಿ, ತೂಕಕ್ಕೆ ತೂಕ ಹೆಚ್ಚು ಕಾವು ಕೊಡುತ್ತವೆಂದು ಅವರ ತಂಡ 1993ರಲ್ಲಿ ತೋರಿಸಿತು. ಹತ್ತು ವರ್ಷ ಕಳೆದು 2003ರಲ್ಲಿ ಮೊದಲ ರೋಗಿಗಳು ಬಂದರು. ಗ್ಲಯೊಬ್ಲಾಸ್ಟೋಮ ಎಂಬ, ಕೊಯ್ದರೂ ಮತ್ತೆ ಚಿಗುರುವ ಮಿದುಳಿನ ಗಡ್ಡೆಯವರು. ಬೇರೆ ದಾರಿ ಹೆಚ್ಚು ಉಳಿದಿಲ್ಲದವರು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಕಣಗಳ ದ್ರವವನ್ನು ಗಡ್ಡೆಯೊಳಕ್ಕೆ ಚುಚ್ಚುತ್ತಿದ್ದರು. ಆಮೇಲೆ ಸೆಕೆಂಡಿಗೆ ಒಂದು ಲಕ್ಷ ಸಲ ದಿಕ್ಕು ಬದಲಿಸುವ ಕ್ಷೇತ್ರದಲ್ಲಿ ವಾರಕ್ಕೆರಡರಂತೆ ಒಂದೊಂದು ಗಂಟೆಯ ಆರು ಸರದಿ, ಜೊತೆಗೆ ವಿಕಿರಣ. ಬಾಯಲ್ಲಿ ಲೋಹದ ತುಂಬುಹಲ್ಲು ಇದ್ದರೆ ಮೊದಲು ತೆಗೆಸಬೇಕಿತ್ತು, ಅದೂ ಕಾಯುತ್ತದಲ್ಲ! 2011ರಲ್ಲಿ ಪ್ರಕಟವಾದ ವರದಿಯಂತೆ ರೋಗ ಮರುಕಳಿಸಿದ 59 ಮಂದಿಯಲ್ಲಿ ಅರ್ಧದಷ್ಟು ಜನ, ಮರುಕಳಿಸಿದಲ್ಲಿಂದ 13.4 ತಿಂಗಳಿಗೂ ಹೆಚ್ಚು ಬದುಕಿದ್ದರು; ಹಿಂದಿನ ರೋಗಿಗಳ ಲೆಕ್ಕದಲ್ಲಿ ಅದು 6.2 ತಿಂಗಳು. ಯುರೋಪು 2010ರಲ್ಲೇ ಮಿದುಳಿನ ಗಡ್ಡೆಗೆ ಇದಕ್ಕೆ ಅನುಮತಿ ಕೊಟ್ಟಿತ್ತು.

ಏಳು ತಿಂಗಳು ಎಂದರೆ ಮಗಳ ಮದುವೆ ನೋಡುವಷ್ಟು ಕಾಲ, ಮೊಮ್ಮಗುವಿನ ನಾಮಕರಣಕ್ಕೆ ಕೂರುವಷ್ಟು ಕಾಲ. ಅದನ್ನು ಹಗುರ ಮಾಡಲು ನಮಗೆ ಮನಸ್ಸಿಲ್ಲ. ಆದರೂ ಹೇಳಲೇಬೇಕು: ಆ ಹೋಲಿಕೆ ಬೇರೆ ಕಾಲದ, ಬೇರೆ ರೋಗಿಗಳ ಜೊತೆಗೆ ಮಾಡಿದ್ದು. ಒಂದೇ ಆಸ್ಪತ್ರೆಗೆ ಬಂದವರನ್ನು ಚೀಟಿಯೆತ್ತಿ ಎರಡು ಪಂಗಡ ಮಾಡಿ ನೋಡಿದ್ದಲ್ಲ. ಹುಯಿಲಗೋಳರ ಚಿಕ್ಕ ಪರೀಕ್ಷೆಗಿದ್ದ ಗಟ್ಟಿತನ ಈ ದೊಡ್ಡ ಸುದ್ದಿಗಿರಲಿಲ್ಲ. ಇದರ ಯಂತ್ರ, ದ್ರವ ಎರಡನ್ನೂ ಮಾಡುತ್ತಿದ್ದ ಮ್ಯಾಗ್‌ಫೋರ್ಸ್ ಕಂಪೆನಿ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದ್ದರಿಂದ, ನ್ಯಾನೋ ಕಾವಿನಿಂದ ಕ್ಯಾನ್ಸರ್ ಗುಣಪಡಿಸುತ್ತೇವೆಂದು ಯಾರಾದರೂ ಬಣ್ಣದ ಕರಪತ್ರ ಕೈಗಿತ್ತರೆ, ಹೊಲ ಅಡವಿಡುವ ಮುನ್ನ ಪರೇಲಿನ ವೈದ್ಯರನ್ನೊಮ್ಮೆ ಕೇಳಿಬರುವುದು ಲೇಸು.

ಬರ್ಲಿನ್ನಿನ ಆ ರೋಗಿಗಳ ಗಡ್ಡೆಯೊಳಗೆ ಕಾವು ಎಷ್ಟಿತ್ತೆಂದು ತಿಳಿದದ್ದು ಹೇಗೆ? ಇಲ್ಲಿಗೆ ನಮ್ಮ ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಪಾದರಸದ ಗಾಜಿನ ಕೊಳವೆಯನ್ನು ಮಿದುಳಿನೊಳಗೆ ತೂರಿಸುವಂತಿಲ್ಲ. ಕಾರ್ಖಾನೆಗಳಲ್ಲಿ ಬಳಸುವ ಥರ್ಮೋಕಪಲ್ ಎರಡು ಲೋಹದ ತಂತಿಗಳ ಬೆಸುಗೆ. ಬದಲಾಗುವ ಕಾಂತಕ್ಷೇತ್ರದಲ್ಲಿ ಅದು ತಾನೇ ಕಾಯುತ್ತದೆ. ಜ್ವರ ನೋಡಬಂದ ವೈದ್ಯನಿಗೇ ಜ್ವರ ಬಂದಂತೆ! ದಾರಿ ತೋರಿದ್ದು ಬೆಳಕು. 1970ರ ದಶಕದ ಕೊನೆಯಲ್ಲಿ ಬಂದ ಹೊಸ ಸಂವೇದಕಗಳಲ್ಲಿ ಕೂದಲಿನಂಥ ಗಾಜಿನ ಎಳೆಯ ತುದಿಗೆ ಗ್ಯಾಲಿಯಂ ಆರ್ಸೆನೈಡಿನ ಒಂದು ಹರಳು. ಎಳೆಯೊಳಗೆ ಬೆಳಕು ಕಳಿಸಿದರೆ, ಹರಳು ಯಾವ ಬಣ್ಣದವರೆಗೆ ಬೆಳಕನ್ನು ನುಂಗುತ್ತದೆಂಬುದು ಅದರ ಕಾವಿನೊಂದಿಗೆ ಸರಿಯುತ್ತದೆ. ಮರಳಿ ಬಂದ ಬೆಳಕನ್ನು ನೋಡಿ ಡಿಗ್ರಿ ಹೇಳಬಹುದು. ಗಾಜಿನಲ್ಲಿ ವಿದ್ಯುತ್ತು ಹರಿಯದು, ಕಾಂತಕ್ಷೇತ್ರ ಅದನ್ನು ಮುಟ್ಟದು. ಬರ್ಲಿನ್ನಿನಲ್ಲೂ ಗಡ್ಡೆಯೊಳಗೆ ಸಣ್ಣ ನಳಿಕೆಯಿಟ್ಟು ಇಂಥ ಗಾಜಿನೆಳೆಯ ಸಂವೇದಕವನ್ನೇ ತೂರಿಸಿದರು. ಅದು ತೋರಿದ ಗರಿಷ್ಠ ಕಾವು, ರೋಗಿಗಳ ನಡುವಣ ಲೆಕ್ಕದಲ್ಲಿ, 51.2 ಡಿಗ್ರಿ.

ಆದರೆ ಅದು ಒಂದು ಚುಕ್ಕೆಯ ಕಾವು. ಅದರಿಂದ ಒಂದು ಸೆಂಟಿಮೀಟರ್ ಆಚೆ ಎಷ್ಟು? ಕಣಗಳು ಗಡ್ಡೆಯಲ್ಲಿ ಸಮನಾಗಿ ಹರಡುವುದಿಲ್ಲ, ಉಪ್ಪಿಟ್ಟಿನಲ್ಲಿ ಉಪ್ಪು ಒಂದೆಡೆ ನಿಂತಂತೆ ನಿಲ್ಲುತ್ತವೆ. ಮಿದುಳಿಗೆ ಹತ್ತು ಕಡೆ ಸೂಜಿ ಚುಚ್ಚಲಾಗದು. ಸಿ.ಟಿ. ಚಿತ್ರದಲ್ಲಿ ಕಣಗಳು ಎಲ್ಲಿವೆಯೆಂದು ನೋಡಿ, ಉಳಿದೆಡೆಯ ಕಾವನ್ನು ಗಣಕದಿಂದ ಅಂದಾಜು ಮಾಡಬೇಕಾಯಿತು. ಎಂ.ಆರ್.ಐ. ಯಂತ್ರದಿಂದ ಮೈಯೊಳಗಿನ ಕಾವನ್ನು ನೋಡುವ ವಿಧಾನ 1990ರ ದಶಕದಲ್ಲಿ ಬೆಳೆದಿತ್ತಾದರೂ ಇಲ್ಲಿ ನಿರುಪಯೋಗಿ. ಅಷ್ಟೊಂದು ಕಬ್ಬಿಣದ ಹುಡಿಯಿರುವ ಕಡೆ ಎಂ.ಆರ್.ಐ. ಚಿತ್ರ ಬರೀ ಕಪ್ಪು ಮಸಿ. ಚಿಕಿತ್ಸೆಯಾದ ಮೇಲೆ ಗಡ್ಡೆ ಮತ್ತೆ ಚಿಗುರಿತೇ ಎಂದು ನೋಡುವುದಕ್ಕೂ ಇದೇ ಅಡ್ಡಿ.

ಹಾಗಾದರೆ ಕಾಯುವ ಕಣವೇ ತನ್ನ ಕಾವನ್ನು ಹೇಳಿದರೆ? 2005ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ ಫಿಲಿಪ್ಸ್ ಪ್ರಯೋಗಶಾಲೆಯ ಗ್ಲೈಕ್ ಮತ್ತು ವೈತ್ಸೆನೆಕರ್ ಎಂಬಿಬ್ಬರು ಹೊಸದೊಂದು ಚಿತ್ರಣವಿಧಾನ ಕಂಡುಹಿಡಿದರು. ಅದಕ್ಕೆ ಮಾಂಸ ಮೂಳೆ ಕಾಣುವುದೇ ಇಲ್ಲ, ಕಾಂತಕಣಗಳು ಮಾತ್ರ ಕಾಣುತ್ತವೆ. ತಂಬೂರಿಯ ತಂತಿಯನ್ನು ಮೀಟಿದರೆ ಷಡ್ಜದ ಜೊತೆಗೆ ಅದರ ಮೇಲಿನ ಸ್ವರಗಳೂ ಹೊಮ್ಮುತ್ತವಲ್ಲವೆ? ಹಾಗೆಯೇ ಕ್ಷೇತ್ರ ಒಂದು ವೇಗದಲ್ಲಿ ಮೀಟಿದರೆ ಕಣಗಳು ಅದರ ಮೂರು ಪಟ್ಟು, ಐದು ಪಟ್ಟು ವೇಗದಲ್ಲೂ ಉತ್ತರ ಕೊಡುತ್ತವೆ. 2009ರಲ್ಲಿ ಅಮೆರಿಕದ ಡಾರ್ಟ್‌ಮತ್ತಿನ ವೀವರ್ ಮತ್ತು ಸಂಗಡಿಗರು ಗಮನಿಸಿದ್ದು ಇನ್ನೂ ಸೂಕ್ಷ್ಮ: ಮೂರನೆಯ ಸ್ವರಕ್ಕೂ ಐದನೆಯ ಸ್ವರಕ್ಕೂ ಇರುವ ಪ್ರಮಾಣ ಕಣಗಳ ಕಾವಿನೊಂದಿಗೆ ಬದಲಾಗುತ್ತದೆ. ಕಣ ಎಷ್ಟಿದೆಯೆಂದು ಗೊತ್ತಿಲ್ಲದಿದ್ದರೂ ಆ ಪ್ರಮಾಣದಿಂದ ಕಾವನ್ನು ಓದಬಹುದು. ಪ್ರಯೋಗಶಾಲೆಯ ಸೀಸೆಯಲ್ಲಿ ಅರ್ಧ ಡಿಗ್ರಿಗೂ ಕಡಮೆ ತಪ್ಪಿನೊಳಗೆ ಓದಿ ತೋರಿಸಿದರು. ಒಲೆಯೇ ಉಷ್ಣಮಾಪಕವಾಯಿತು.

ನಮ್ಮ ಪೊವಾಯಿಯ ಐ.ಐ.ಟಿ.ಯಲ್ಲಿ ಧೀರೇಂದ್ರ ಬಹಾದ್ದೂರರ ತಂಡ, ಟ್ರಾಂಬೆಯ ಭಾಭಾ ಅಣುಸಂಶೋಧನ ಕೇಂದ್ರದ ರಸಾಯನವಿಜ್ಞಾನಿಗಳು ಇಂಥ ಕಣಗಳನ್ನು ತಯಾರಿಸಿ, ಅವಕ್ಕೆ ಮೈ ಒಪ್ಪುವ ಹೊದಿಕೆ ಹಾಕಿ, ಕಾವಿನ ಜೊತೆಗೆ ಔಷಧವನ್ನೂ ಹೊರಿಸುವ ಸಂಶೋಧನೆಗಳನ್ನು ಪ್ರಕಟಿಸಿದ್ದಾರೆ. ಇವೆಲ್ಲ ಸೀಸೆ, ತಟ್ಟೆ, ಇಲಿಗಳ ಮಟ್ಟದವು. ಕಣಗಳನ್ನು ಸೂಜಿಯಿಂದ ಗಡ್ಡೆಗೇ ಚುಚ್ಚುವ ಬದಲು ರಕ್ತಕ್ಕೆ ಬಿಟ್ಟರೆ ಬಹುಪಾಲು ಯಕೃತ್ತಿಗೂ ಗುಲ್ಮಕ್ಕೂ ಹೋಗಿ ಸೇರುತ್ತವೆ; ಕ್ಷೇತ್ರ ಹಾಯಿಸಿದರೆ ಗಡ್ಡೆಗಿಂತ ಮೊದಲು ಯಕೃತ್ತು ಕಾದೀತು. 2018ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಸುತ್ತಲೂ ಬಲವಾದ ಸ್ಥಿರಕ್ಷೇತ್ರದಿಂದ ಕಣಗಳನ್ನು ಅಲುಗಾಡದಂತೆ ಬಿಗಿದಿಟ್ಟು, ತಮಗೆ ಬೇಕಾದ ಒಂದು ತಾಣದಲ್ಲಿ ಮಾತ್ರ ಬಿಗಿ ಸಡಿಲಿಸಿದರು. ಕಾದದ್ದು ಅಲ್ಲಿದ್ದ ಕಣ ಮಾತ್ರ. ಇಲಿಯ ಗಡ್ಡೆ ಸುಟ್ಟಿತು, ಅದರ ಪಕ್ಕದ ಯಕೃತ್ತು ತಣ್ಣಗೆ ಉಳಿಯಿತು.

ಇಲಿ ಹೆಬ್ಬೆರಳಿನಷ್ಟು ಪ್ರಾಣಿ. ಮನುಷ್ಯನ ತಲೆ ಹಿಡಿಸುವ ಸುರುಳಿಗೆ ಅದೇ ಬಲದ ಕ್ಷೇತ್ರ ತುಂಬುವುದು ಸುಲಭದ ಮಾತಲ್ಲ. 2019ರಲ್ಲಿ ಹ್ಯಾಂಬರ್ಗಿನವರು ಮನುಷ್ಯನ ತಲೆಯ ಅಳತೆಗೆ ಕಾಂತಕಣಗಳ ಚಿತ್ರಣಯಂತ್ರವೊಂದನ್ನು ಕಟ್ಟಿದರು. ಅದನ್ನು ಕಟ್ಟಿದ್ದು ಮಿದುಳಿನ ರಕ್ತಸಂಚಾರವನ್ನು ನೋಡುವುದಕ್ಕೆ. ಕಾವು ಕೊಡುವ ಕೆಲಸ ಅದರದಲ್ಲ.